ಒಳಲೆಯ ನೀರು, ಯೊರ್ದನ್ ಹೊಳೆಯ ನೀರು: ದೀಕ್ಷಾಸ್ನಾನಕ್ಕೂ ರಕ್ಷಣೆಗೂ ಇರುವ ನಂಟು

ನಮ್ಮ ದೊಡ್ಡಮ್ಮನ ಮಗಳು ಏಳು ತಿಂಗಳಿಗೇ ಹುಟ್ಟಿದ ಕೂಸು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರಂತೆ, ಮನೆಯವರನ್ನು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಎರಡನೆಯ ರಾತ್ರಿ ಡಾಕ್ಟರು ಬಂದು, ‘ಬೆಳಗಾಗೋವರೆಗೆ ಏನೂ ಹೇಳಕ್ಕಾಗಲ್ಲ’ ಅಂದರು. ಫಾದರ್‌ಗೆ ಹೇಳಿ ಕಳಿಸಿದರೂ ಅವರು ಬರುವಷ್ಟರಲ್ಲಿ ಬೆಳಗಾಗುತ್ತದೆ. ಅಜ್ಜಿ ಬಾಗಿಲಲ್ಲೇ ನಿಂತು ರಾತ್ರಿ ಪಾಳಿಯ ನರ್ಸನ್ನು ಕರೆದರು. ಆಕೆ ಹಣೆಗೆ ಕುಂಕುಮವಿಟ್ಟ ಹೆಂಗಸು, ಕ್ರೈಸ್ತಳಲ್ಲ. ವಿಷಯ ಕೇಳಿ, ‘ಏನು ಹೇಳ್ಬೇಕೋ ಹೇಳಿಕೊಡಿ ಅಮ್ಮ, ನಾನೇ ಮಾಡ್ತೀನಿ’ ಅಂದಳಂತೆ. ಕಾಯಿಸಿ ಆರಿಸಿದ ನೀರನ್ನು ಒಳಲೆಗೆ ಬಗ್ಗಿಸಿಕೊಂಡು ಒಳಗೆ ಹೋದಳು. ಗಾಜಿನಾಚೆಯಿಂದ ಅಜ್ಜಿ ಒಂದೊಂದೇ ಪದ ಹೇಳಿಕೊಟ್ಟರು, ಆಕೆ ಹಾಗೆಯೇ ಹೇಳಿದಳು: ‘ಪಿತನ, ಮತ್ತು ಸುತನ, ಮತ್ತು ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ.’ ಮೂರು ಸಲ, ಮುಷ್ಟಿಯಷ್ಟು ಚಿಕ್ಕ ತಲೆಯ ಮೇಲೆ ಒಳಲೆಯ ಮೂತಿಯಿಂದ ಸಣ್ಣಗೆ ನೀರು ಇಳಿಯಿತು.

ಕೂಸು ಬದುಕಿತು. ಮೂರು ತಿಂಗಳಾದ ಮೇಲೆ ಇಗರ್ಜಿಗೆ ಕರೆದುಕೊಂಡು ಹೋದರು. ಫಾದರ್ ಅಜ್ಜಿಯನ್ನು ಕೂರಿಸಿಕೊಂಡು ವಿಚಾರಿಸಿದರು. ಯಾವ ನೀರು? ಯಾವ ಮಾತು? ನೀರು ಚರ್ಮದ ಮೇಲೆ ಹರಿಯಿತೇ? ಎಲ್ಲ ಕೇಳಿದ ಮೇಲೆ ಮಗುವಿನ ತಲೆಗೆ ಅವರು ಮತ್ತೆ ನೀರು ಹಾಕಲಿಲ್ಲ. ಎಣ್ಣೆ ಹಚ್ಚಿದರು, ಬಿಳಿ ಬಟ್ಟೆ ಹೊದಿಸಿದರು, ಮೇಣದಬತ್ತಿ ಹಚ್ಚಿಕೊಟ್ಟರು. ‘ದೀಕ್ಷಾಸ್ನಾನ ಅವತ್ತೇ ಆಗಿದೆ, ಎರಡನೇ ಸಲ ಕೊಡುವುದಕ್ಕೆ ಬರುವುದಿಲ್ಲ’ ಎಂದರು.

ಈ ಕತೆಯನ್ನು ನಾನು ಮೊದಲು ಕೇಳಿದಾಗ ಎರಡು ವಿಷಯ ತಲೆಯಲ್ಲಿ ಉಳಿದವು. ಅಷ್ಟು ಅವಸರ ಯಾಕೆ? ನೀರು ಬೀಳದಿದ್ದರೆ ದೇವರು ಆ ಕೂಸನ್ನು ಕೈಬಿಡುತ್ತಿದ್ದನೇ? ಇನ್ನೊಂದು, ಕ್ರೈಸ್ತಳೇ ಅಲ್ಲದ ಹೆಣ್ಣುಮಗಳು ಕೊಟ್ಟ ಸ್ನಾನ ಹೇಗೆ ಸಲ್ಲುತ್ತದೆ? ಒಬ್ಬರನ್ನು ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ಈ ದೀಕ್ಷಾಸ್ನಾನದ ಬಗ್ಗೆ ಎರಡು ಸಾವಿರ ವರ್ಷಗಳಿಂದ ನಡೆದಿರುವ ವಾದವೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ. ಎರಡಕ್ಕೂ ಕೀಲಿಕೈ ಒಂದೇ ಎಂದು ಈಗ ನನಗನ್ನಿಸುತ್ತದೆ: ಆ ನೀರಿನಲ್ಲಿ ಕೆಲಸ ಮಾಡುವವರು ಯಾರು, ದೇವರೋ ಮನುಷ್ಯರೋ?

ಹೆಸರಲ್ಲೇ ಇರುವ ಅರ್ಥ

ಕನ್ನಡದಲ್ಲಿ ಇದಕ್ಕೆ ಎರಡು ಹೆಸರು. ನಮ್ಮ ಅಜ್ಜಿಯ ಕಾಲದ ಕಥೋಲಿಕರ ಬಾಯಲ್ಲಿ ‘ಜ್ಞಾನಸ್ನಾನ’ ಇತ್ತು. ಅಪ್ಪನ ಕಡೆಯ ಪ್ರೊಟೆಸ್ಟಂಟ್ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ, ಕನ್ನಡ ಬೈಬಲಿನಲ್ಲಿ ‘ದೀಕ್ಷಾಸ್ನಾನ’. ಗ್ರೀಕ್ ಮೂಲದ ಪದಕ್ಕೆ ಅದ್ದುವುದು, ಮುಳುಗಿಸುವುದು ಎಂಬಷ್ಟೇ ಅರ್ಥ. ಆದರೆ ಎರಡನೆಯ ಶತಮಾನದ ನಡುವಿನಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಚಿಂತಕ, ಈ ತೊಳೆಯುವಿಕೆಯನ್ನು ನಾವು ‘ಬೆಳಕು ಹೊಂದುವುದು’ ಎಂದೂ ಕರೆಯುತ್ತೇವೆ ಎಂದು ಬರೆದಿದ್ದಾನೆ. ನಮ್ಮ ಹಳಬರ ‘ಜ್ಞಾನಸ್ನಾನ’ ಆ ಭಾವಕ್ಕೆ ಎಷ್ಟು ಹತ್ತಿರ ನೋಡಿ. ‘ದೀಕ್ಷೆ’ಯಂತೂ ಕನ್ನಡಿಗರಿಗೆ ಹೊಸ ಮಾತೇ ಅಲ್ಲ. ದೀಕ್ಷೆ ಪಡೆಯುವುದೆಂದರೆ ಬದುಕಿನ ದಾರಿ ಬದಲಾಗುವುದು. ಅದನ್ನು ಯಾರೂ ತಮಗೆ ತಾವೇ ಕೊಟ್ಟುಕೊಳ್ಳುವುದಿಲ್ಲ, ಬೇರೊಬ್ಬರ ಕೈಯಿಂದ ಪಡೆಯಬೇಕು.

ಈ ಕೊನೆಯ ಮಾತು ಮುಖ್ಯ. ಯೇಸುವಿನ ಕಾಲದ ಯೆಹೂದ್ಯರಲ್ಲಿ ಶುದ್ಧಿಗಾಗಿ ಮೀಯುವ ಪದ್ಧತಿ ಚೆನ್ನಾಗಿಯೇ ಬೇರೂರಿತ್ತು. ಮೆಟ್ಟಿಲಿಳಿದು ಮುಳುಗುವ ಕೊಳಗಳು ಯೆರೂಸಲೇಮಿನ ಅಗೆತಗಳಲ್ಲಿ ಸಿಕ್ಕಿವೆ. ಆದರೆ ಅಲ್ಲಿ ಮೈಲಿಗೆಯಾದಾಗಲೆಲ್ಲ ಮೀಯಬೇಕು, ಇಳಿದು ಮುಳುಗುವುದು ಅವರವರೇ. ಸ್ನಾನಿಕನಾದ ಯೋಹಾನ ಯೊರ್ದನ್ ಹೊಳೆಯ ದಡದಲ್ಲಿ ಜನರನ್ನು ಕರೆದಾಗ ಎರಡೂ ಬದಲಾದವು. ಮುಳುಗಿಸುವ ಕೈ ಇನ್ನೊಬ್ಬರದಾಯಿತು. ಹೋಗಬೇಕಾದದ್ದು ಮೈಲಿಗೆಯಲ್ಲ, ಪಾಪ. ಅಲ್ಲಿಗೆ ಯೇಸುವೂ ಬಂದು ಸಾಲಿನಲ್ಲಿ ನಿಂತ. ಆ ಜಾಗವೆಂದು ಹಿಂದಿನಿಂದ ನಂಬಿಕೊಂಡು ಬಂದ ಅಲ್-ಮಗ್ತಸ್ ಇಂದಿನ ಜೋರ್ಡಾನ್ ದೇಶದಲ್ಲಿದೆ, 2015ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಾಪವಿಲ್ಲದವನು ಪಾಪಿಗಳ ಸಾಲಿನಲ್ಲಿ ಯಾಕೆ ನಿಂತ? ಯೋಹಾನನೇ ಹಿಂಜರಿದು ತಡೆದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಸಭೆಯ ಹಿರಿಯರು ಕೊಟ್ಟ ಉತ್ತರ ನನಗೆ ತುಂಬ ಇಷ್ಟ: ನೀರು ಅವನನ್ನು ಶುದ್ಧ ಮಾಡಲಿಲ್ಲ, ಅವನು ಇಳಿದು ನೀರನ್ನೇ ಶುದ್ಧ ಮಾಡಿದ.

ಸಾಯುವ ಜಾಗ, ಹುಟ್ಟುವ ಜಾಗ

ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲನು ರೋಮಾಪುರದ ಸಭೆಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ತೊಳೆಯುವ ಮಾತೇ ಇಲ್ಲ. ಅಲ್ಲಿರುವುದು ಹೂಳುವ ಮಾತು. ದೀಕ್ಷಾಸ್ನಾನ ಪಡೆದವರು ಕ್ರಿಸ್ತನ ಸಾವಿನಲ್ಲಿ ಪಾಲುಗಾರರಾಗಿ ಅವನ ಜೊತೆ ಹೂಳಲ್ಪಟ್ಟರು, ಅವನು ಎದ್ದ ಹಾಗೆ ಹೊಸ ಬದುಕಿಗೆ ಎದ್ದರು ಎನ್ನುತ್ತಾನೆ ಪೌಲ. ನೀರೆಂದರೆ ಗೋರಿ. ಅದೇ ನೀರು ಗರ್ಭವೂ ಹೌದು, ಏಕೆಂದರೆ ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನು ದೇವರ ರಾಜ್ಯದೊಳಗೆ ಸೇರಲಾರನೆಂದು ಯೇಸು ನಿಕೊದೇಮನಿಗೆ ಹೇಳಿದ್ದು ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿದೆ.

ಮೊದಮೊದಲ ಕ್ರೈಸ್ತರು ಇದನ್ನು ಮೈಯಾರೆ ಅನುಭವಿಸುತ್ತಿದ್ದರು. ಮೊದಲ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ‘ದಿದಖೆ’ ಎಂಬ ಪುಟ್ಟ ಕೈಪಿಡಿ ಈ ವಿಷಯದಲ್ಲಿ ಎಷ್ಟು ನೇರ, ಎಷ್ಟು ಉದಾರ! ಹರಿಯುವ ನೀರಿನಲ್ಲಿ ಕೊಡಿ ಎನ್ನುತ್ತದೆ. ಹರಿಯುವ ನೀರಿಲ್ಲದಿದ್ದರೆ ಬೇರೆ ನೀರು ಆದೀತು. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಸಾಕಷ್ಟಿಲ್ಲವೇ, ತಲೆಯ ಮೇಲೆ ಮೂರು ಸಲ ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಹೊಯ್ಯಿರಿ. ಅಜ್ಜಿ ಆ ಪುಸ್ತಕವನ್ನು ಕಣ್ಣಲ್ಲೂ ಕಂಡಿರಲಿಲ್ಲ, ಆದರೆ ಆ ರಾತ್ರಿ ಗಾಜಿನಾಚೆ ನಿಂತು ಹೇಳಿಕೊಟ್ಟದ್ದು ಅದನ್ನೇ. ಮುಳುಗಿಸಬೇಕೋ ಹೊಯ್ದರೆ ಸಾಕೋ ಎಂದು ಜಗಳವಾಡುವವರು ಇದನ್ನೊಮ್ಮೆ ಓದಬೇಕು. ಮುಳುಗಿಸುವುದರಲ್ಲಿ ಗೋರಿಯ ಚಿತ್ರ ಎದ್ದು ಕಾಣುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ ಹೊಂದಿ ದೇವರನ್ನು ಸೇರುವುದು, ನೀರಿನ ಅಳತೆಯ ಮೇಲೆ ನಿಂತಿಲ್ಲ ಎನ್ನುವುದು ಅಪೊಸ್ತಲರ ಕಾಲದ ಬೆನ್ನಲ್ಲೇ ಬಂದ ತಿಳಿವಳಿಕೆ.

ಸಿರಿಯಾದ ದೂರಾ-ಯೂರೋಪೋಸ್ ಎಂಬ ಹಾಳೂರಿನಲ್ಲಿ ಮೂರನೆಯ ಶತಮಾನದ ಮನೆಯೊಂದು ಸಿಕ್ಕಿತು. ಅದರ ಒಂದು ಕೋಣೆಯನ್ನು ದೀಕ್ಷಾಸ್ನಾನಕ್ಕೆಂದೇ ಮಾರ್ಪಡಿಸಿದ್ದರು. ಈವರೆಗೆ ಗೊತ್ತಿರುವವುಗಳಲ್ಲಿ ಅದೇ ಅತ್ಯಂತ ಹಳೆಯದು. ತೊಟ್ಟಿಯ ಹಿಂದಿನ ಗೋಡೆಯ ಮೇಲೆ ಹೆಗಲಿಗೆ ಕುರಿ ಹೊತ್ತ ಕುರುಬನ ಚಿತ್ರವಿತ್ತು. ಪಕ್ಕದ ಗೋಡೆಗಳಲ್ಲಿ ನೀರಿನ ಮೇಲೆ ನಡೆಯುವ ಯೇಸು, ಬಾವಿಗೆ ಬಗ್ಗಿದ ಹೆಂಗಸು. ದೇವಾಲಯ ಕಟ್ಟುವ ಅನುಕೂಲವಿಲ್ಲದ ಜನ ಮನೆಯಲ್ಲೇ ಮಾಡಿಕೊಂಡದ್ದು ಈ ತೊಟ್ಟಿಯನ್ನು. ಅಲ್ಲಿಗೆ ಇಳಿಯುವವರ ಕಣ್ಣಿಗೆ ಮೊದಲು ಬೀಳುತ್ತಿದ್ದವನು ಕಳೆದುಹೋದ ಕುರಿಯನ್ನು ತಾನೇ ಹುಡುಕಿಕೊಂಡು ಹೋಗುವ ಕುರುಬ.

ಹಾಗಾದರೆ, ನೀರಿಲ್ಲದೆ ರಕ್ಷಣೆ ಇಲ್ಲವೇ?

ಬೈಬಲು ಎರಡು ಕಡೆಯೂ ಹೇಳುತ್ತದೆ, ಇದನ್ನು ಮುಚ್ಚಿಡಬಾರದು. ಪಂಚಾಶತ್ತಮ (ಪೆಂತೆಕೊಸ್ತ್) ಹಬ್ಬದ ದಿನ ಯೇಸುವಿನ ಶಿಷ್ಯ ಪೇತ್ರನ ಮಾತು ಕೇಳಿ ಎದೆ ನೊಂದವರು ‘ನಾವೇನು ಮಾಡಬೇಕು?’ ಎಂದಾಗ ಬಂದ ಉತ್ತರ, ದೇವರ ಕಡೆಗೆ ತಿರುಗಿಕೊಳ್ಳಿ, ಪಾಪಪರಿಹಾರಕ್ಕಾಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳಿ ಎಂದು. ಪೇತ್ರನ ಮೊದಲ ಪತ್ರವಂತೂ ದೀಕ್ಷಾಸ್ನಾನ ನಿಮ್ಮನ್ನು ರಕ್ಷಿಸುತ್ತದೆ ಎಂದೇ ಹೇಳುತ್ತದೆ. ಆದರೆ ಅದೇ ಉಸಿರಿನಲ್ಲಿ, ಮೈಕೊಳೆ ತೊಳೆಯುವುದರಿಂದಲ್ಲ ಎಂದೂ ಸೇರಿಸುತ್ತದೆ. ಇನ್ನೊಂದೆಡೆ, ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ದೀಕ್ಷಾಸ್ನಾನ ಆಗಿರಲಿಲ್ಲ. ಇವತ್ತೇ ನನ್ನ ಸಂಗಡ ಪರದೈಸಿನಲ್ಲಿರುವೆ ಎಂಬ ಮಾತು ಅವನಿಗೆ ಸಿಕ್ಕಿತು. ಕೊರ್ನೇಲ್ಯ ಎಂಬ ರೋಮನ್ ಶತಾಧಿಪತಿಯ ಮನೆಯಲ್ಲಿ ಪವಿತ್ರಾತ್ಮ ಮೊದಲು ಇಳಿದುಬಂದ, ನೀರು ಆಮೇಲೆ ಬಂತು. ಹಾಗೆಂದು ಪೇತ್ರ ‘ಆತ್ಮವೇ ಬಂದ ಮೇಲೆ ನೀರು ಯಾಕೆ?’ ಅನ್ನಲಿಲ್ಲ. ‘ಇವರಿಗೆ ನೀರನ್ನು ಯಾರು ತಡೆಯಬಲ್ಲರು?’ ಎಂದ. ದೇವರು ನೀರಿಗಾಗಿ ಕಾಯಲಿಲ್ಲ, ಆದರೂ ನೀರನ್ನು ಯಾರೂ ಬಿಟ್ಟುಬಿಡಲಿಲ್ಲ.

ಮೊದಲ ಶತಮಾನಗಳ ಸಭೆ ಈ ಎರಡು ಎಳೆಗಳನ್ನೂ ಹಿಡಿದುಕೊಂಡೇ ನಡೆಯಿತು. ಆಗ ದೊಡ್ಡವರು ದೀಕ್ಷಾಸ್ನಾನಕ್ಕೆ ಮುಂಚೆ ವರ್ಷಗಟ್ಟಲೆ ಕಲಿಯುತ್ತಿದ್ದರು. ಆ ನಡುವೆ ಕ್ರೈಸ್ತರ ಮೇಲೆ ರೋಮನ್ ಆಳ್ವಿಕೆ ನಡೆಸಿದ ಹಿಂಸಾಚಾರದಲ್ಲಿ ಯಾರಾದರೂ ಕ್ರಿಸ್ತನಿಗಾಗಿ ಸತ್ತರೆ? ಅವರ ರಕ್ತವೇ ಅವರಿಗೆ ದೀಕ್ಷಾಸ್ನಾನ ಎಂದರು. ಹಾಸಿಗೆ ಹಿಡಿದೋ ಹಠಾತ್ತನೆಯೋ ಸತ್ತರೆ? 392ರಲ್ಲಿ ಈ ಪ್ರಶ್ನೆ ಎಲ್ಲರ ಕಣ್ಣೆದುರಿಗೇ ಬಂತು. ರೋಮನ್ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್, ಇನ್ನೂ ಇಪ್ಪತ್ತೊಂದರ ಹುಡುಗ, ಬಂದು ದೀಕ್ಷಾಸ್ನಾನ ಕೊಡಿ ಎಂದು ಮಿಲಾನಿನ ಬಿಷಪ್ ಅಂಬ್ರೋಸನಿಗೆ ಹೇಳಿಕಳಿಸಿದ್ದ. ಬಿಷಪ್ ತಲುಪುವ ಮೊದಲೇ ಹುಡುಗ ತೀರಿಕೊಂಡ. ಅವನ ಅಕ್ಕತಂಗಿಯರು ಎಲ್ಲಕ್ಕಿಂತ ಹೆಚ್ಚು ಅತ್ತದ್ದು ಅವನಿಗೆ ದೀಕ್ಷಾಸ್ನಾನ ಆಗಲಿಲ್ಲವಲ್ಲ ಎಂದು. ಶವಸಂಸ್ಕಾರದ ಪ್ರಸಂಗದಲ್ಲಿ ಅಂಬ್ರೋಸ್ ಅವರಿಗೆ ಹೇಳಿದ್ದರ ತಿರುಳು ಇಷ್ಟೇ: ಅವನು ಬೇಡಿಕೊಂಡಿದ್ದ, ಬೇಡಿಕೊಂಡದ್ದು ಅವನಿಗೆ ಸಿಕ್ಕಿದೆ. ಇದನ್ನೇ ಮುಂದೆ ಕಥೋಲಿಕ ಸಭೆ ‘ಬಯಕೆಯ ದೀಕ್ಷಾಸ್ನಾನ’ ಎಂದು ಕರೆಯಿತು. ದೇವರು ರಕ್ಷಣೆಯನ್ನು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾನೆ, ಆದರೆ ತಾನು ಮಾತ್ರ ಆ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುವುದು ಅಂಬ್ರೋಸ್ ಹಿಡಿದ ಆ ಎಳೆಯನ್ನೇ.

ಮಾತು ಬಾರದ ಕೂಸುಗಳ ಪ್ರಶ್ನೆ ಇನ್ನೂ ಕಷ್ಟದ್ದು. ಬಯಸುವುದಕ್ಕೂ ಬಾರದವರಿಗೆ ಏನು ಗತಿ? 387ರ ಈಸ್ಟರಿನ ರಾತ್ರಿ ಇದೇ ಅಂಬ್ರೋಸನಿಂದ ದೀಕ್ಷಾಸ್ನಾನ ಪಡೆದ ಅಗಸ್ಟೀನ್ ಮುಂದೆ ಉತ್ತರ ಆಫ್ರಿಕಾದಲ್ಲಿ ಬಿಷಪ್ಪನಾಗಿ, ಹುಟ್ಟಿನಿಂದಲೇ ಅಂಟಿ ಬರುವ ಜನ್ಮಪಾಪದ ಬಗ್ಗೆ ಬಹಳ ಕಟುವಾಗಿ ಬರೆದ. ದೀಕ್ಷಾಸ್ನಾನವಿಲ್ಲದೆ ಸತ್ತ ಕೂಸಿಗೂ ಶಿಕ್ಷೆ ತಪ್ಪದು, ಅದು ಅತ್ಯಂತ ಹಗುರವಾದದ್ದು ಅಷ್ಟೆ ಎಂದ. ಮಧ್ಯಯುಗದವರು ಅದನ್ನು ಮೆದುಗೊಳಿಸಿ, ನೋವೂ ಇಲ್ಲದ, ದೇವರ ದರ್ಶನವೂ ಇಲ್ಲದ ‘ಲಿಂಬೋ’ ಎಂಬ ನಡುವಿನ ಸ್ಥಿತಿಯನ್ನು ಊಹಿಸಿದರು. ಎಷ್ಟೋ ತಲೆಮಾರಿನ ತಾಯಂದಿರು ಆ ಮಾತನ್ನು ಮಡಿಲಲ್ಲಿ ಕಲ್ಲಿನಂತೆ ಹೊತ್ತರು. ಅಜ್ಜಿಯ ಆ ರಾತ್ರಿಯ ಅವಸರದಲ್ಲೂ ಅದರ ಭಯ ಇತ್ತೆಂದು ನನಗೆ ಗೊತ್ತು. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಈ ವಿಷಯವನ್ನು ಹೊಸದಾಗಿ ಪರಿಶೀಲಿಸಿ, ಲಿಂಬೋ ಎನ್ನುವುದು ರಕ್ಷಣೆಯನ್ನು ತೀರ ಬಿಗಿಯಾಗಿ ನೋಡಿದ್ದರ ಫಲ, ಅಂಥ ಕೂಸುಗಳೂ ರಕ್ಷಣೆ ಹೊಂದುತ್ತವೆಂದು ನಿರೀಕ್ಷಿಸಲು ಗಟ್ಟಿ ಕಾರಣಗಳಿವೆ ಎಂದಿತು. ಅಷ್ಟು ಹೊತ್ತಿಗೆ ಅಜ್ಜಿ ಇರಲಿಲ್ಲ. ಇದ್ದಿದ್ದರೆ ಓದಿ ಹೇಳುತ್ತಿದ್ದೆ.

ಅವಸರವನ್ನು ಹಾಗೆ ಅರ್ಥ ಮಾಡಿಕೊಂಡರೆ ಅದರಲ್ಲಿ ಭಯವಷ್ಟೇ ಇಲ್ಲ. ಮಗು ಊಟ ಮಾಡದಿದ್ದರೂ ತಾಯಿಗೆ ಅದರ ಮೇಲೆ ಪ್ರೀತಿ ಇದ್ದೇ ಇರುತ್ತದೆ, ಹಾಗೆಂದು ಯಾವ ತಾಯಿಯೂ ಊಟ ಹಾಕದೆ ಸುಮ್ಮನೆ ಕೂರುವುದಿಲ್ಲ. ಕ್ರಿಸ್ತನು ಕೈಯಾರೆ ಕೊಟ್ಟದ್ದನ್ನು ಕೂಸಿಗೆ ಮುಟ್ಟಿಸಬೇಕು, ಉಳಿದದ್ದು ಅವನಿಗೆ ಬಿಟ್ಟದ್ದು. ‘ಅವಶ್ಯ’ ಎಂಬ ಮಾತಿಗೆ ನಾನು ಕಂಡುಕೊಂಡ ಅರ್ಥ ಇದು.

ಕೊಡುವವನ ಕೈ

ಎರಡನೆಯ ಪ್ರಶ್ನೆ, ಆ ನರ್ಸಮ್ಮನದು. ನಾಲ್ಕನೆಯ ಶತಮಾನದ ಉತ್ತರ ಆಫ್ರಿಕಾದಲ್ಲಿ ಡೊನಾಟಿಸ್ಟರು ಎಂಬ ಗುಂಪಿತ್ತು. ಹಿಂಸೆಯ ಕಾಲದಲ್ಲಿ ಹೆದರಿ ಧರ್ಮಗ್ರಂಥಗಳನ್ನು ಒಪ್ಪಿಸಿದ ಬಿಷಪ್ಪರ ಕೈಯಿಂದಾಗಲಿ, ಅವರ ಸಂಗಡ ಉಳಿದವರ ಕೈಯಿಂದಾಗಲಿ ಪಡೆದ ಸಂಸ್ಕಾರ ಸಲ್ಲದು ಎಂದು ಅವರ ವಾದ. ಹೊರಗಿನಿಂದ ಬಂದವರಿಗೆ ಮತ್ತೆ ದೀಕ್ಷಾಸ್ನಾನ ಕೊಡುತ್ತಿದ್ದರು. ಅಗಸ್ಟೀನ್ ಇಲ್ಲಿ ತುಂಬ ದೊಡ್ಡ ಮಾತು ಹೇಳಿದ: ಪೇತ್ರ ಕೊಟ್ಟರೂ ಕೊಡುವವನು ಕ್ರಿಸ್ತ, ಯೇಸುವಿಗೆ ದ್ರೋಹ ಮಾಡಿದ ಯೂದ ಕೊಟ್ಟರೂ ಕೊಡುವವನು ಕ್ರಿಸ್ತ. ಪೇತ್ರನದಾಗಲಿ ಯೂದನದಾಗಲಿ, ಆ ಕೈ ಬರಿಯ ಕಾಲುವೆ. ನೀರಿನ ಸೆಲೆ ಬೇರೆ ಕಡೆ ಇದೆ. ಅದಕ್ಕೇ ಕಥೋಲಿಕ ಸಭೆ ಪ್ರಾಣಾಪಾಯದ ಹೊತ್ತಿನಲ್ಲಿ ಯಾರು ಬೇಕಾದರೂ, ದೀಕ್ಷಾಸ್ನಾನ ಪಡೆಯದವರೂ ಕೂಡ, ಸಭೆ ಉದ್ದೇಶಿಸಿದ್ದನ್ನೇ ಮಾಡುವ ಮನಸ್ಸಿನಿಂದ ನೀರು ಹೊಯ್ದು ಆ ಮಾತು ಹೇಳಿದರೆ ಅದು ಪೂರ್ಣ ದೀಕ್ಷಾಸ್ನಾನವೇ ಎನ್ನುತ್ತದೆ. 2020ರಲ್ಲಿ ಇದರದೇ ಇನ್ನೊಂದು ಮುಖ ಕಂಡಿತು. ಕೆಲವು ಕಡೆ ಪಾದ್ರಿಗಳು ‘ನಾನು ನಿನಗೆ’ ಎನ್ನುವ ಬದಲು ‘ನಾವು ನಿನಗೆ’ ದೀಕ್ಷಾಸ್ನಾನ ಕೊಡುತ್ತೇವೆ ಎನ್ನುತ್ತಿದ್ದರು. ಅದು ಸಲ್ಲದು, ಹಾಗೆ ಪಡೆದವರು ಮತ್ತೆ ಪಡೆಯಬೇಕು ಎಂದು ವ್ಯಾಟಿಕನ್ ತೀರ್ಪು ಕೊಟ್ಟಿತು. ಒಂದು ಸರ್ವನಾಮಕ್ಕೆ ಇಷ್ಟು ಕಟ್ಟುನಿಟ್ಟೇ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಆ ‘ನಾನು’ ಪಾದ್ರಿಯದಲ್ಲ, ಅವನ ಬಾಯಿಂದ ಮಾತಾಡುವ ಕ್ರಿಸ್ತನದು. ಸೇರಿದ ಜನ ಕೂಡಿ ಕೊಡುವ ಕೊಡುಗೆ ಅದಲ್ಲ ಎನ್ನುವುದೇ ತೀರ್ಪಿನ ಹುರುಳು.

ಹದಿನಾರನೆಯ ಶತಮಾನದ ಸುಧಾರಕ ಲೂಥರ್ ರೋಮಿನ ಕಥೋಲಿಕ ಸಭೆಯಿಂದ ಸಿಡಿದು ಬಂದರೂ ಈ ಒಂದು ವಿಷಯದಲ್ಲಿ ಅಲುಗಲಿಲ್ಲ. ಕೂಸಿಗೆ ದೀಕ್ಷಾಸ್ನಾನ ಸರಿ, ಏಕೆಂದರೆ ಅಲ್ಲಿ ಕೆಲಸ ದೇವರದು ಎಂದ. ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಅದನ್ನು ದೇವರ ಒಡಂಬಡಿಕೆಯ ಗುರುತು ಮತ್ತು ಮುದ್ರೆ ಎಂದ. ಯೆಹೂದ್ಯರಲ್ಲಿ ಎಂಟನೆಯ ದಿನದ ಕೂಸಿಗೆ ಸುನ್ನತಿ ಇದ್ದ ಹಾಗೆ ಇದೂ ಎಂಬುದು ಅವನ ವಾದ.

ಇದನ್ನು ಒಪ್ಪದವರು 1525ರ ಜನವರಿ 21ರ ಸಂಜೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದ ಒಂದು ಮನೆಯಲ್ಲಿ ಸೇರಿದರು. ಕೊನ್ರಾಡ್ ಗ್ರೇಬೆಲ್ ಎಂಬವನು ಜಾರ್ಜ್ ಬ್ಲೌರಾಕ್ ಎಂಬವನಿಗೆ ನೀರು ಹಾಕಿ ದೀಕ್ಷಾಸ್ನಾನ ಕೊಟ್ಟ. ಇಬ್ಬರಿಗೂ ಕೂಸಾಗಿದ್ದಾಗ ಆಗಿತ್ತು, ಆದರೆ ನಂಬದೆ ಪಡೆದದ್ದು ದೀಕ್ಷಾಸ್ನಾನವೇ ಅಲ್ಲ ಎಂಬುದು ಅವರ ನಿಲುವು. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಜನ ಮೊದಲು ಕೇಳುತ್ತಾರೆ, ನಂಬುತ್ತಾರೆ, ಆಮೇಲೆ ನೀರಿಗಿಳಿಯುತ್ತಾರೆ. ಈ ಸಾಲು ತಪ್ಪಬಾರದು. ಈ ವಾದವನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. 200ರ ಹೊತ್ತಿಗೇ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಬರಹಗಾರ ತೆರ್ತುಲ್ಲಿಯನ್, ಪುಟ್ಟ ಮಕ್ಕಳಿಗೆ ಯಾಕೆ ಅವಸರ, ಕ್ರಿಸ್ತನನ್ನು ಅರಿಯುವಷ್ಟು ಬೆಳೆಯಲಿ ಎಂದು ಬರೆದಿದ್ದ. ಅವನು ಹಾಗೆ ಬರೆದದ್ದರಿಂದಲೇ ಆಗ ಮಕ್ಕಳಿಗೂ ಕೊಡುತ್ತಿದ್ದರು ಎಂಬುದೂ ನಮಗೆ ಗೊತ್ತಾಗುತ್ತದೆ. ಜ್ಯೂರಿಕ್‌ನ ಆ ಗುಂಪಿನ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿ 5ರಂದು ಕೈ ಕಟ್ಟಿ ಲಿಮ್ಮಟ್ ನದಿಯಲ್ಲಿ ಮುಳುಗಿಸಿ ಕೊಂದರು. ಎರಡನೆಯ ಸಲ ನೀರಿಗಿಳಿದವನಿಗೆ ನೀರಿನಲ್ಲೇ ಶಿಕ್ಷೆ ಎಂಬ ಕ್ರೌರ್ಯ. ಕೊಂದವರು ಕಥೋಲಿಕರಲ್ಲ, ರೋಮನ್ನು ಬಿಟ್ಟು ಸುಧಾರಣೆಯ ಹಾದಿ ಹಿಡಿದ ಅದೇ ಪಟ್ಟಣದವರು. ಬದುಕು ಕೊಡುವ ನೀರಿನ ಹೆಸರಿನಲ್ಲಿ ನಡೆದ ಈ ಪಾಪವನ್ನು ನೆನೆದರೆ ಇಂದಿಗೂ ಮನಸ್ಸು ಕುಗ್ಗುತ್ತದೆ.

ಇಂದಿನ ಬ್ಯಾಪ್ಟಿಸ್ಟ್, ಬ್ರೆದರನ್, ಪೆಂತೆಕೊಸ್ತ್ ಸಭೆಗಳು ನಂಬಿದವರಿಗೆ ಮಾತ್ರ, ಮುಳುಗಿಸಿ ಕೊಡುತ್ತವೆ. ಅವರಲ್ಲಿ ಬಹುಪಾಲು ಜನ ರಕ್ಷಣೆ ನಂಬಿದಾಗಲೇ ಆಯಿತು, ದೀಕ್ಷಾಸ್ನಾನ ಅದನ್ನು ನಾಲ್ಕು ಜನರೆದುರು ಸಾರುವ ಸಾಕ್ಷಿ, ಕರ್ತನ ಆಜ್ಞೆಗೆ ತೋರುವ ವಿಧೇಯತೆ ಎನ್ನುತ್ತಾರೆ. ಸಾಲ್ವೇಶನ್ ಆರ್ಮಿಯವರು ನೀರಿನ ದೀಕ್ಷಾಸ್ನಾನ ಕೊಡುವುದೇ ಇಲ್ಲ. ಇನ್ನೊಂದು ತುದಿಯಲ್ಲಿ ಆರ್ಥೊಡಾಕ್ಸ್ ಸಭೆಗಳು ಕೂಸಿಗೇ ದೀಕ್ಷಾಸ್ನಾನ, ತೈಲಾಭಿಷೇಕ, ಪ್ರಭುಭೋಜನ ಮೂರನ್ನೂ ಒಟ್ಟಿಗೆ ಕೊಡುತ್ತವೆ. 1970ರಲ್ಲಿ ನಾಗಪುರದಲ್ಲಿ ಒಂದಾದ ಉತ್ತರ ಭಾರತ ಸಭೆಯಲ್ಲಿ ಬ್ಯಾಪ್ಟಿಸ್ಟರೂ ಸೇರಿದ್ದರಿಂದ ಎರಡೂ ಪದ್ಧತಿಗೆ ಜಾಗ ಕೊಟ್ಟರು. ಕೂಸಿಗೆ ಕೊಡಿಸಿದರೂ ಸರಿ, ಬೆಳೆದ ಮೇಲೆ ಅದೇ ತೆಗೆದುಕೊಂಡರೂ ಸರಿ. ನಮ್ಮ ದೇಶದಲ್ಲಿ ಇದು ಸಾಧ್ಯವಾಯಿತು ಎನ್ನುವುದು ನನಗೆ ಹೆಮ್ಮೆಯ ಸಂಗತಿ.

ಎರಡನೆಯ ಸಲ

ಒಳಲೆಯ ನೀರಿನಲ್ಲಿ ದೀಕ್ಷಾಸ್ನಾನ ಪಡೆದ ಅಕ್ಕ ನಲವತ್ತು ದಾಟಿದ ಮೇಲೆ ಬೆಂಗಳೂರಿನಲ್ಲಿ ಒಂದು ಪ್ರಾರ್ಥನಾ ಸಭೆಗೆ ಹೋಗತೊಡಗಿದಳು. ಅಲ್ಲಿನ ಪಾಸ್ಟರ್, ಕೂಸಾಗಿದ್ದಾಗ ಪಡೆದದ್ದು ಲೆಕ್ಕಕ್ಕಿಲ್ಲ, ಮುಳುಗಿ ತೆಗೆದುಕೊಳ್ಳಬೇಕು ಅಂದರು. ಮನೆಯಲ್ಲಿ ದೊಡ್ಡ ಗಲಾಟೆ. ಅವಳು ನನ್ನನ್ನು ಕೇಳಿದಳು, ‘ನೀನು ಇದನ್ನೆಲ್ಲ ಓದ್ತೀಯಲ್ಲ, ಹೇಳು. ನನಗೆ ಏನೂ ನೆನಪಿಲ್ಲದ್ದು ನನ್ನದು ಹೇಗಾಗುತ್ತೆ?’

‘ಅಕ್ಕ, ನೀನು ಹುಟ್ಟಿದ್ದೂ ನಿನಗೆ ನೆನಪಿಲ್ಲ’ ಅಂದೆ. ಅವಳು ಸುಮ್ಮನಾದಳು. ನನಗೆ ಅನ್ನಿಸುವುದನ್ನು ನಾನು ಅವಳಿಂದ ಮುಚ್ಚಿಡಲಿಲ್ಲ. ಒಬ್ಬನೇ ಕರ್ತನು, ಒಂದೇ ನಂಬಿಕೆ, ಒಂದೇ ದೀಕ್ಷಾಸ್ನಾನ ಎಂದು ಎಫೆಸದ ಪತ್ರದಲ್ಲಿದೆ. ಕಥೋಲಿಕರ ಅಮ್ಮನನ್ನು ಸಿಎಸ್‌ಐ ಅಪ್ಪ ಮದುವೆಯಾದಾಗ ಇಗರ್ಜಿಯವರು ಅಪ್ಪನ ದೀಕ್ಷಾಸ್ನಾನದ ಸರ್ಟಿಫಿಕೇಟು ಕೇಳಿದರು, ಇನ್ನೊಮ್ಮೆ ನೀರು ಹಾಕುತ್ತೇವೆ ಎನ್ನಲಿಲ್ಲ. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ಜಾಗತಿಕ ಸಭೆಗಳ ಒಕ್ಕೂಟದ ಆಯೋಗ ರೂಪಿಸಿದ ದಾಖಲೆಯೂ ದೀಕ್ಷಾಸ್ನಾನ ಮರುಕಳಿಸಲಾಗದ ಕಾರ್ಯ ಎಂದೇ ಹೇಳುತ್ತದೆ. ದೇವರು ಒಮ್ಮೆ ಹಿಡಿದ ಕೈಯನ್ನು, ‘ಆಗ ನನಗೆ ಎಚ್ಚರ ಇರಲಿಲ್ಲ, ಮತ್ತೆ ಹಿಡಿ’ ಎನ್ನುವುದು ಹೇಗೆ? ಆದರೆ ಅವಳ ಪ್ರಶ್ನೆಯಲ್ಲೂ ಸತ್ಯವಿದೆ ಅಂದೆ. ಕೂಸಿಗೆ ಕೊಟ್ಟದ್ದನ್ನು ಬೆಳೆದವರು ಒಂದು ದಿನ ‘ಹೌದು’ ಎಂದು ತಮ್ಮ ಬಾಯಲ್ಲೇ ಒಪ್ಪಿಕೊಳ್ಳಬೇಕು. ದೃಢೀಕರಣ ಸಂಸ್ಕಾರ ಇರುವುದು, ಈಸ್ಟರಿನ ರಾತ್ರಿ ಎಲ್ಲರೂ ಮೇಣದಬತ್ತಿ ಹಿಡಿದು ದೀಕ್ಷಾಸ್ನಾನದ ವಾಗ್ದಾನಗಳನ್ನು ಮತ್ತೆ ಹೇಳುವುದು ಅದಕ್ಕೇ. ನಾವು ಅದನ್ನು ಬರೀ ಹಬ್ಬದ ಶಾಸ್ತ್ರ ಮಾಡಿಬಿಟ್ಟೆವು. ಸರ್ಟಿಫಿಕೇಟನ್ನು ಸ್ಕೂಲ್ ಅಡ್ಮಿಷನ್ನಿಗೂ ಮದುವೆಗೂ ತೆಗೆದಿಟ್ಟುಕೊಂಡೆವು. ಅಕ್ಕನಿಗೆ ಆ ‘ಹೌದು’ ಹೇಳಲು ನಮ್ಮಲ್ಲಿ ಯಾರೂ ಜಾಗ ಮಾಡಿಕೊಡಲಿಲ್ಲ. ಆ ತಪ್ಪು ಅವಳದಲ್ಲ.

ಅವಳು ಕೊನೆಗೆ ಮುಳುಗುವುದೆಂದೇ ತೀರ್ಮಾನಿಸಿದಳು. ಸಭೆಯ ವೇದಿಕೆಯ ಹಲಗೆ ತೆಗೆದರೆ ಕೆಳಗೆ ನೀಲಿ ಟೈಲ್ಸ್ ಹಾಕಿದ ತೊಟ್ಟಿ, ಎದೆಮಟ್ಟ ನೀರು. ದೊಡ್ಡಮ್ಮ ವಾರವಿಡೀ ಅವಳ ಜೊತೆ ಮಾತಾಡಿರಲಿಲ್ಲ, ‘ಅಮ್ಮ ಮಾಡಿಸಿದ್ದು ಸಾಕು’ ಎಂದಷ್ಟೇ ನಮ್ಮೆದುರು ಹೇಳುತ್ತಿದ್ದರು. ಭಾನುವಾರ ಬೆಳಗ್ಗೆ ಮಾತ್ರ ಎಲ್ಲರಿಗಿಂತ ಮುಂಚೆ ಸೀರೆಯುಟ್ಟು ಸಿದ್ಧವಾಗಿದ್ದರು. ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತರು. ಅಕ್ಕ ನೀರಿನಿಂದ ಎದ್ದು ಮೆಟ್ಟಿಲು ಹತ್ತಿ ಬರುವಾಗ ನಡುಗುತ್ತಿದ್ದಳು. ದೊಡ್ಡಮ್ಮ ಚೀಲದಿಂದ ಒಣಗಿದ ಟವೆಲ್ ತೆಗೆದು, ಹೋಗಿ ಅವಳ ತಲೆ ಒರೆಸಿದರು.